ಬಳೆ ಹೆಚ್ಚಿಸಿದ ದಿನ

ಮಾನ್ಯ ಅಧ್ಯಕ್ಷರೇ, ವಿಜಾಪುರದಿಂದ ದಯಮಾಡಿಸಿರುವ ಅತಿಥಿಗಳೇ, ಬಬಲೇಶ್ವರದ ಸಭಿಕರೇ, ಹಿಂದೆ ಕುಳಿತಿರುವ ನನ್ನ ಗಿರಾಕಿ ತಾಯಂದಿರೇ,

ಟಿಕೋಟಾದ ಬಳೆಗಾರ ಬುಡ್ಡೇಸಾಬನಿಗೆ ವೇದಿಕೆ ಹೊಸದು. ಕೈ ಹಿಡಿದರೆ ಮಾತ್ರ ನನಗೆ ಮಾತು ಬರುತ್ತದೆ. ಇಲ್ಲಿ ಯಾರ ಕೈ ಹಿಡಿಯಲಿ? ಅಧ್ಯಕ್ಷರ ಅಳತೆಯ ಬಳೆ ನನ್ನಲ್ಲಿಲ್ಲ.

ನಾವಿಂದು ಸನ್ಮಾನಿಸುತ್ತಿರುವ ಘೋಣಸಗಿಯ ಬೀರಣ್ಣ ಹೋದ ವರ್ಷ, ಅರವತ್ತೆರಡರ ಚಳಿಗಾಲದಲ್ಲಿ, ಗಡಿಯ ಸೈನಿಕರಿಗೆ ಅಕ್ಕಿ-ಬೇಳೆ ಒಯ್ಯುವ ಸಣ್ಣ ವಿಮಾನದಲ್ಲಿದ್ದ. ಚೀಲಗಳನ್ನು ಮೇಲಿನಿಂದ ನೂಕುವುದು ಅವನ ಕೆಲಸ. ಮೋಡದಲ್ಲಿ ದಾರಿ ತಪ್ಪಿದ ವಿಮಾನ ಹಿಮದ ಬೆಟ್ಟಕ್ಕೆ ಬಡಿಯಿತು. ಊರಿಗೆ ಬಂದ ಸುದ್ದಿ ಎಷ್ಟು? ವಿಮಾನ ಬಿದ್ದಿದೆ, ಯಾರೂ ಸಿಕ್ಕಿಲ್ಲ. ಅಷ್ಟೇ.

ತಿಂಗಳು ಕಳೆಯಿತು. ಬೀರಣ್ಣನ ತಾಯಿ ಹುಚ್ಚವ್ವ ಅತ್ತು ಅತ್ತು ಸೋತರು. ಅವನ ಹೆಂಡತಿ ಹೊಳೆವ್ವನ ಬಳೆ ಒಡೆಯಬೇಕೆಂದು ಹಿರಿಯರು ತೀರ್ಮಾನಿಸಿದರು. ಆದರೆ ಆ ಮಾತನ್ನು ನಮ್ಮಲ್ಲಿ ಯಾರು ಆಡುತ್ತಾರೆ? ಬಳೆ ಒಡೆದರೂ 'ಹೆಚ್ಚಿತು' ಎನ್ನುವವರು ನಾವು. ಅವನ ದೊಡ್ಡಪ್ಪ ಗುರಣ್ಣ ಸಂತೆಯಲ್ಲಿ ನನ್ನನ್ನು ಬದಿಗೆ ಕರೆದು, "ಬುಡ್ಡೇಸಾಬ, ಹೊಳೆವ್ವನ ಬಳಿ ಹೆಚ್ಚಿಸಬೇಕಾಗೇತಿ, ನಾಳಿಗಿ ಬಾರಪಾ" ಎಂದರು. ಕೈಗೆ ಗಾಜು ಚುಚ್ಚಬಾರದಲ್ಲ, ಅದಕ್ಕೆ ನಾನು.

ನನ್ನ ಅಕ್ಕ ದಾವಲಬಿಯ ಬಳೆ ತೆಗೆದದ್ದೂ ಇದೇ ಕೈ. ಆಮೇಲೆ ಅವಳು ನನ್ನೆದುರು ಕೈ ಚಾಚಲೇ ಇಲ್ಲ, ಊಟ ಬಡಿಸುವಾಗಲೂ ಸೆರಗು ಮುಚ್ಚಿಕೊಳ್ಳುತ್ತಿದ್ದಳು. ಮಾತು ಎಲ್ಲಿಗೋ ಹೋಯಿತು, ಕ್ಷಮಿಸಿ.

ಮರುದಿನ ಹೋದೆ. ಪೆಟ್ಟಿಗೆ ಬಿಚ್ಚಿ ಹೊಳೆವ್ವನ ಕೈಗೆ ಹಸಿರು ಬಳೆಗಳನ್ನು ಏರಿಸತೊಡಗಿದೆ. "ಏನ ಮಾಡಾಕತ್ತಿ ಲೇ ಬುಡ್ಡ್ಯಾ!" ಎಂದು ಗುರಣ್ಣ ಚೀರಿದರು. "ಹೆಚ್ಚಿಸು ಅಂದ್ರಿ, ಹೆಚ್ಚಿಸೇನ್ರಿ" ಎಂದೆ. ಹೊಸ ಹಸಿರು ಬಳೆಯ ಮೇಲೆ ಕಲ್ಲು ಎತ್ತುವ ಧೈರ್ಯ ಯಾರಿಗೂ ಆಗಲಿಲ್ಲ. ಹುಚ್ಚವ್ವ ಎದ್ದು ಬಂದು ಸೊಸೆಯನ್ನು ಒಳಗೆ ಕರೆದೊಯ್ದರು.

ಮುಂದಿನ ಸಂತೆಯೊಳಗೆ ಸುದ್ದಿ ಬಂತು. ಅಕ್ಕಿ ಚೀಲಗಳ ಮರೆಯಲ್ಲಿ ಜೀವ ಹಿಡಿದಿದ್ದ ಬೀರಣ್ಣನನ್ನು ಬೆಟ್ಟದ ಜನ ತಮ್ಮ ಹಟ್ಟಿಗೆ ಹೊತ್ತೊಯ್ದು ಉಳಿಸಿದ್ದರು. ಇಗೋ, ಕುರ್ಚಿಯಲ್ಲಿ ನಗುತ್ತ ಕುಳಿತಿದ್ದಾನೆ! ನನಗಾದ ಸಂತೋಷ ಹೇಳತೀರದು.

ಅಂದಿನಿಂದ ಜನ ನನ್ನನ್ನು ಜಾಣನೆನ್ನುತ್ತಾರೆ. ಇಲ್ಲ ಸ್ವಾಮಿ. ಆ ದಿನ ನಾನು ಬಳೆ ತೆಗೆಯಲೆಂದೇ ಹೋಗಿದ್ದೆ. ಹೊಳೆವ್ವ ಕೈ ಚಾಚಿ, ನನಗಷ್ಟೇ ಕೇಳುವಂತೆ ಅಂದಳು: "ಕಾಕಾ, ಬಿಗಿ ಬಳಿ ಹಾಕ್ರಿ. ಯಾರಿಗೂ ತಗ್ಯಾಕ ಬರಬಾರ್ದು."

ಕೇಳಿಸಿಕೊಂಡ ನಿಮಗೆಲ್ಲ ಋಣಿ. ನಮಸ್ಕಾರ.