ಗೋಡೆಯ ಹಿಂದಿನ ಪೀಪಾಯಿ

ಸ್ಕಾಟ್ಲೆಂಡಿನ ಆ ಬೆಟ್ಟಗಳಲ್ಲಿ ಮಳೆ ಹಿಡಿದರೆ ಬಿಡುವುದು ತನಗೆ ಇಷ್ಟ ಬಂದಾಗಲೇ. ಹೊಳೆ ದಾಟುವ ಕಲ್ಲುಗಳೆಲ್ಲ ಮುಳುಗಿದ್ದರಿಂದ ಆ ಸಂಜೆ ಐದಾರು ಮಂದಿ ಎಫಿ ಮುದುಕಿಯ ಮನೆಯಲ್ಲೇ ಸಿಕ್ಕಿಕೊಂಡರು. ಒಲೆಯಲ್ಲಿ ಸೌದೆಯ ಬದಲು ಉರಿಸುವ ಒಣ ಜೌಗುಮಣ್ಣಿನ ಹೆಂಟೆಗಳು ಹೊಗೆಯಾಡುತ್ತಿದ್ದವು. ಓಟ್ಸ್ ರೊಟ್ಟಿ ಒಂದು ಸುತ್ತು ಬಂದಾಗಿತ್ತು. ನೆರೆಯ ಲಾಕ್ಲನ್ ತನ್ನ ಬಟ್ಟಲನ್ನು ಬೆಂಕಿಯ ಬೆಳಕಿಗೆ ಹಿಡಿದು, ವಿಸ್ಕಿಗೆ ಈ ಜೇನುಬಣ್ಣ ಮೊದಲಿನಿಂದಲೂ ಇತ್ತೇ ಎಂದು ಕೇಳಿದ. ಎಂಬತ್ತು ದಾಟಿದ ಎಫಿ ಬೊಚ್ಚುಬಾಯಿ ಬಿಟ್ಟು ನಕ್ಕಳು.

"ಎಲ್ಲಿತ್ತೋ ಮಂಕೇ! ನಾನು ಚಿಕ್ಕೋಳಿದ್ದಾಗ ಅದು ನೀರಿನ ಥರ ಇತ್ತು. ನಮ್ಮಜ್ಜಂದಿರು ಜೀವಜಲ ಅಂತಿದ್ರು, ಆದ್ರೆ ಗಂಟಲಲ್ಲಿ ಇಳಿದ್ರೆ ಜೀವ ಹೋದ ಹಾಗೇ ಆಗೋದು... ಮನೆಮನೇಲೂ ತಾಮ್ರದ ಹಂಡೆ, ಭಟ್ಟಿ ಇಳಿಸಿದ ವಾರದಲ್ಲೇ ಎಲ್ಲಾ ಖಾಲಿ. ಇಟ್ಟು ಕಾಯೋ ತಾಳ್ಮೆ ಯಾರಿಗಿತ್ತು? ಎಲ್ಲಾ ಕಳ್ಳಭಟ್ಟಿ, ಇಟ್ರೂ ಸುಂಕದವರು ಬಿಡ್ತಿದ್ರಾ?

"ನನ್ನ ಸೋರ್ಚಾ ಚಿಕ್ಕಮ್ಮನ ಗಂಡ ಫಾರ್ಕರ್ ಪೀಪಾಯಿ ಕಟ್ಟೋನು. ಕೈ ಬಂಗಾರ, ಬಾಯಿ ಬೆಂಕಿ. ಒಂದು ವರ್ಷ ಬಂದರಿನಿಂದ ಓಕ್ ಮರದ ಖಾಲಿ ಪೀಪಾಯಿ ತಂದ. ಸ್ಪೇನಿನ ದ್ರಾಕ್ಷಾರಸ ತುಂಬಿ ಬಂದಿದ್ದು. ಅದಕ್ಕೆ ಹೊಸ ವಿಸ್ಕಿ ತುಂಬಿಸ್ತಿದ್ದ ಹಾಗೇ ಸುಂಕದವರು ಪಕ್ಕದ ಕಣಿವೆಗೆ ಬಂದ್ರು ಅಂತ ಕೂಗೆದ್ದಿತು. ಗಂಡಹೆಂಡ್ತಿ ಅದನ್ನ ಹಿಂದಿನ ಕೋಣೆಗೆ ಉರುಳಿಸಿ, ರಾತ್ರೋರಾತ್ರಿ ಬಾಗಿಲಿಗೇ ಕಲ್ಲಿನ ಗೋಡೆ ಎಬ್ಬಿಸಿಬಿಟ್ರು. 'ನಾನೇ ಬಂದು ತೆಗೀತೀನಿ, ಅಲ್ಲೀವರೆಗೂ ಕೈ ಹಚ್ಚಬೇಡ ಕಣೇ' ಅಂದವನೇ, ಬೆಳಿಗ್ಗೆ ಬಂದ ಸುಂಕದವರನ್ನ ತನ್ನ ಬೆನ್ನ ಹಿಂದೆ ಎಳಕೊಂಡು ಗುಡ್ಡ ಹತ್ತಿದ. ಮಂಜು ಇಳೀತು... ಸುಂಕದವರು ತಿರುಗಿ ಬಂದ್ರು. ಇವನು ಬರಲಿಲ್ಲ. ಹೆಣಾನೂ ಸಿಗಲಿಲ್ಲ.

"ಹನ್ನೆರಡು ವರ್ಷ! ದಿನಾ ಸಂಜೆ ಚಿಕ್ಕಮ್ಮ ಆ ಗೋಡೆಗೆ ಬೆನ್ನು ಕೊಟ್ಟು ಉಣ್ಣೆ ನೂಲ್ತಾ ಕೂತಿರೋಳು. ಊರವರು ಸುಮ್ನಿರ್ತಾರಾ? 'ಗೋಡೆ ಜೊತೆ ಸಂಸಾರ ಹೇಗಿದ್ಯಮ್ಮಾ?' ಅನ್ನೋರು. 'ನಿನ್ನ ಗಂಡನಿಗಿಂತ ವಾಸಿ, ಕುಡಿದು ಬಂದು ಒದೆಯಲ್ಲ' ಅಂತ ತಿರುಗಿಸಿ ಕೊಡೋಳು. ನನಗೊಬ್ಬಳಿಗೆ ಮಾತ್ರ ಹೇಳಿದ್ಲು... 'ಒಳಗೆ ಸುತ್ತಿಗೆ ಸದ್ದಾಗುತ್ತೆ, ಎಫಿ. ಮರ ಕುಗ್ಗಿದಾಗ ಅವನು ಪೀಪಾಯಿ ಪಟ್ಟಿ ಬಿಗಿ ಮಾಡ್ತಾನೆ.' ನಾನು ಗಾಳಿ ಅಂದೆ. ಇನ್ನೇನನ್ಲಿ?

"ಆಮೇಲೆ ಧಣಿ ಕುರಿ ಬಿಡೋಕೆ ಕಣಿವೆ ಖಾಲಿ ಮಾಡಿ ಅಂದ. ನಾನು ಹೊಳೆಯೀಚೆಗೆ ಮದುವೆಯಾಗಿ ಬಂದಿದ್ದೆ, ಉಳಕೊಂಡೆ. ಕಣಿವೆಯವರೆಲ್ಲ ಕೆನಡಾದ ಹಡಗಿಗೆ ಗಂಟು ಕಟ್ಟಿದ್ರು. ಬೀಳ್ಕೊಡೋಕೆ ನಾನೂ ಹೋಗಿದ್ದಾಗ ಚಿಕ್ಕಮ್ಮನ ಅಣ್ಣ ಹೆಕ್ಟರ್ ಹಾರೆ ಹಿಡಿದು ಬಂದ. 'ಸಾಕು ಮಾಡೇ ಸೋರ್ಚಾ, ಅವನು ಬರಲ್ಲ.' ಅವಳು ನೂಲು ಪಕ್ಕಕ್ಕಿಟ್ಟಳು. ಆಮೇಲೆ ಎದ್ದು, ಮೊದಲ ಕಲ್ಲನ್ನ ತಾನೇ ಕಿತ್ತಳು.

"ಒಳಗೆ ಮೊಣಕಾಲುದ್ದ ಜೇಡರ ಬಲೆ. ಆದ್ರೆ ಪೀಪಾಯಿ ಪಟ್ಟಿ ಮೇಲೆ ಸುತ್ತಿಗೆ ಏಟು ಹೊಸದಾಗಿ ಹೊಳೀತಿತ್ತು. ಕಾಲು ಭಾಗ ವಿಸ್ಕಿ ಇರಲೇ ಇಲ್ಲ, ನೆಲ ನೋಡಿದ್ರೆ ಒಣಗಿದ ಮಣ್ಣು, ಸೋರಿದ ಗುರುತೂ ಇಲ್ಲ. 'ಯಾರಪ್ಪಾ ಕುಡಿದೋರು?' ಅಂತ ಹೆಕ್ಟರ್ ಪಿಸುಗುಟ್ಟಿದ. ಬಟ್ಟಲಿಗೆ ಬಗ್ಗಿಸಿಕೊಂಡ್ವಿ... ಈ ಬಣ್ಣ ನಾನು ಮೊದಲು ಕಂಡಿದ್ದು ಅವತ್ತೇ ಕಣ್ರೋ! ಒಣದ್ರಾಕ್ಷಿ, ಸೇಬು, ಹಳೇ ಮರದ ಘಮ. ಗಂಟಲಲ್ಲಿ ಉರಿಯೇ ಇಲ್ಲ. ಚಿಕ್ಕಮ್ಮ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, 'ಎಷ್ಟು ಮೆತ್ತಗಾಗಿದಾನೆ ನೋಡೇ' ಅಂದ್ಲು. ಆಗಿದೆ ಅಲ್ಲ, ಆಗಿದಾನೆ ಅಂದ್ಲು... ನಾನು ಕಿವಿಯಾರೆ ಕೇಳಿದೆ.

"'ನಾನು ಹಡಗು ಹತ್ತಲ್ಲ' ಅಂತ ಹಟ ಹಿಡಿದ್ಲು. ಹೆಕ್ಟರ್ ಬೈದ, ಅತ್ತ, ನಾಳೆ ಹೊತ್ಕೊಂಡಾದ್ರೂ ಹೋಗ್ತೀನಿ ಅಂತ ಹೇಳಿ ಹೋದ. ಬೆಳಿಗ್ಗೆ ಅವನ ಜೊತೆ ನಾನೂ ಹೋದೆ. ಒಲೆ ಆರಿಸಿ, ಹಾಸಿಗೆ ಮಡಿಸಿಟ್ಟಿದೆ, ಅವಳಿಲ್ಲ. ಗೋಡೆ ಮತ್ತೆ ಎದ್ದು ನಿಂತಿದೆ! ಈಚೆ ಒಂದು ಬೆರಳಿನ ಗುರುತಿಲ್ಲ. ಒಳಗಿನಿಂದ ಒತ್ತಿದ ಹಸಿ ಮಣ್ಣು ಸಂದಿಯಲ್ಲಿ ಹೊರಕ್ಕೆ ಉಬ್ಬಿತ್ತು. ಹೆಕ್ಟರ್ ಹಾರೆ ಎತ್ತಿದ. ಆಗ ಒಳಗೆ ನಗು ಕೇಳಿಸ್ತು... ಇಬ್ಬರದು. ಮದುವೆಯಾದ ಹೊಸದರಲ್ಲಿ ಗಂಡಹೆಂಡ್ತಿ ನಗ್ತಾರಲ್ಲ, ಹಾಗೆ. ಹೆಕ್ಟರ್ ಹಾರೆ ಅಲ್ಲೇ ಬಿಟ್ಟು ಹೋಗಿ, ಅವಳಿಲ್ಲದೇ ಹಡಗು ಹತ್ತಿದ."

ಎಫಿ ನಿಲ್ಲಿಸಿದಳು. ಲಾಕ್ಲನ್ ಬಟ್ಟಲನ್ನು ಮೆಲ್ಲಗೆ ನೆಲಕ್ಕಿಟ್ಟ.

"ಈಗ ಎಲ್ಲರೂ ಸರ್ಕಾರದ ಅಪ್ಪಣೆ ತಗೊಂಡು ಪೀಪಾಯಲ್ಲಿ ವರ್ಷಗಟ್ಟಲೆ ಇಡ್ತಾರೆ. ಒಂದಿಷ್ಟು ತಾನಾಗೇ ಕಡಿಮೆಯಾದ್ರೆ ಗಾಳಿಗೆ ಹೋಯ್ತು ಅಂತಾರೆ. ಅನ್ನಲಿ ಬಿಡಿ... ಹೋದ ವಾರ ಇಂಥದೇ ಮಳೇಲಿ ನಾನು ಆ ಹಾಳುಮನೆ ಮುಂದೆ ಹಾದು ಬರ್ತಿದ್ದೆ. 'ಎಫೀ, ನಿನ್ನ ಬಟ್ಟಲು ತಗೊಂಡು ಬಾರೇ' ಅಂತ ಚಿಕ್ಕಮ್ಮ ಕರೆದ್ಲು. ಅರವತ್ತು ವರ್ಷ ಆಯ್ತಲ್ಲ... ದನಿ ಇನ್ನೂ ಸಿಹಿಯಾಗಿದೆ. ನಾನೇನಂದೆ ಗೊತ್ತಾ? ಮಳೆ ನಿಲ್ಲಲಿ, ಬರ್ತೀನಿ ಅಂದೆ."