ಚಕ್ರಕ್ಕೊಂದು ನಿಂಬೆಹಣ್ಣು

ಗಾಂಧಿ ಬಜಾರಿನ ನಿಂಬೆಹಣ್ಣಿನ ಗಾಡಿಯ ಮುಂದೆ ಉಪ್ಪಿನಕಾಯಿಗೆ ಹಣ್ಣು ಆರಿಸುತ್ತಿದ್ದ ಗೋದಾ ಟೀಚರಿಗೆ, ಪಕ್ಕದಲ್ಲಿದ್ದ ತಾಯಿ-ಮಗನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಮಗ ಫೋನಿನಲ್ಲಿ ಕಾರಿನ ಚಕ್ರಗಳನ್ನು ತೋರಿಸುತ್ತಿದ್ದ.

“ಕಪ್ಪಾ, ಸಿಲ್ವರಾ? ಬೇಗ ಹೇಳಮ್ಮ, ಅಂಗಡಿಯೋರು ಕಾಯ್ತಿದಾರೆ.”

“ಕಪ್ಪು ಬೇಡ್ವೇ ಬೇಡ. ಕಂಪನಿಯೋರು ಕೊಟ್ಟಿದ್ದಕ್ಕೆ ಏನಾಗಿತ್ತೋ ಸಂಕರ್ಷಣ?”

“ಇದು ಹಗುರ ಅಮ್ಮ. ಎಲೆಕ್ಟ್ರಿಕ್ ಕಾರಲ್ವಾ, ಒಂದು ಚಾರ್ಜಿಗೆ ಇನ್ನೊಂಚೂರು ದೂರ ಓಡತ್ತೆ.”

“ಸರಿ, ಸಿಲ್ವರೇ ಹಾಕ್ಸು. ನಾಲ್ಕು ಹಣ್ಣು ಕೊಡಪ್ಪ, ಹೊಸ ಚಕ್ರಕ್ಕೂ ದೃಷ್ಟಿ ತೆಗೀಬೇಕು. ಹಳೇದೇನ್ಮಾಡ್ದೆ?”

“ಟೈರ್ ಸಮೇತ ಭಾವಂಗೆ ಕೊಟ್ಟೆ. ಅವ್ರದೂ ಇದೇ ಕಾರಲ್ವಾ, ನಿನ್ನೆ ನಮ್ಮ ಕಾರು ಬಿಟ್ಟಿರೋ ಅಂಗಡೀಲೇ ಹಾಕಿಸ್ಕೊಂಡು ಹೋದ್ರು.”

ತಾಯಿ ಎದೆಯ ಮೇಲೆ ಕೈಯಿಟ್ಟುಕೊಂಡರು.

“ಅಯ್ಯೋ ಪಾಪಿ! ಪೂಜೆ ದಿನ ನಿಂಬೆಹಣ್ಣು ಮೆಟ್ಟಿ ನಮ್ಮ ದೃಷ್ಟಿಯೆಲ್ಲಾ ಹೊತ್ಕೊಂಡಿರೋ ಚಕ್ರ ಕಣೋ ಅದು! ನಿಮ್ಮಕ್ಕನಿಗೆ ಈಗ ಏಳು ತಿಂಗಳು!”

“ಚೆನ್ನಾಗಿ ತೊಳೆದೇ ಕೊಟ್ಟಿದೀನಮ್ಮ.”

“ತೊಳೆದ್ರೆ ಹೋಗತ್ತೇನೋ ಅದು? ಈಗೆಲ್ಲಿದಾಳೆ ಆರಾಧನಾ?”

“ಅದೇ ಕಾರಲ್ಲಿ... ನಮ್ಮನೆಗೇ ಬರ್ತಿದಾಳೆ.”

ತಾಯಿ ಚೀಲವನ್ನು ಮತ್ತೆ ಚಾಚಿದರು.

“ಇನ್ನೂ ನಾಲ್ಕು ಹಾಕಪ್ಪ. ಬೇಗ.”

ಗಾಡಿಯವನು ಇನ್ನೊಬ್ಬರಿಗೆ ತೂಗುತ್ತಿದ್ದ. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತರಾಗಿದ್ದ ಗೋದಾ ಟೀಚರು, ನಾಲಿಗೆ ತುದಿಗೆ ಬಂದ ಬುದ್ಧಿಮಾತನ್ನು ನುಂಗಿಕೊಂಡು, ತಾವು ಆರಿಸಿಟ್ಟಿದ್ದರಲ್ಲೇ ನಾಲ್ಕು ಒಳ್ಳೆಯ ಹಣ್ಣು ತೆಗೆದು ಆ ಚೀಲಕ್ಕೆ ಹಾಕಿದರು.

“ಮೊದ್ಲು ಹೊರಡಿ. ಅವಳು ಬರೋಷ್ಟರಲ್ಲಿ ಗೇಟಿನ ಹತ್ರ ಇರಿ.”

ತಾಯಿ-ಮಗ ಆಟೋ ಹತ್ತಿದರು.