ನಾಲ್ಕು ಸುತ್ತು ಟೇಪು

ಬೇಡ ಬೇಡ ಬೇಡ, ಆ ಬಿಳಿ ಟೇಪು ಮುಟ್ಬೇಡ! ಅಲ್ಲೇ ಇಡು... ಅಯ್ಯೋ, ಕೂಗಿಬಿಟ್ಟೆ ಅಕ್ಕ. ನಿನ್ನ ಮೇಲಲ್ಲ. ಸಹಾಯ ಆಗ್ಲಿ ಅಂತ ಎತ್ಕೊಟ್ಟೆ, ಗೊತ್ತು. ಇದಕ್ಕೆ ಟೇಪು ಸುತ್ತಲ್ಲ, ಅಷ್ಟೆ. ಆ ಚಿಕ್ಕ ಟ್ಯೂಬು ಇದೆ ನೋಡು, ನೀಲಿ ಮುಚ್ಚಳದ್ದು, ಅದು ಕೊಡು. ಹಾಂ. ಒಂದು ಹನಿ ಅಂಟು ಸಾಕು.

ಯಾಕೆ ನಗ್ತೀಯ? ಅಂಟು ಬೆರಳಿಗೇ ಮೆತ್ಕೊಂಡೆ ಅಂತಾನಾ? ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಅದಕ್ಕೆ. ಮೆಕ್ಯಾನಿಕ್ ಆಗಿ ಹದಿನೈದು ವರ್ಷ ಆಯ್ತು, ಒಂದು ಆಯಿಲ್ ಪ್ರೆಶರ್ ಮೀಟರ್ ಕೂರಿಸೋಕೆ ನಂಗೆ ಬರಲ್ವಾ? ಸುಮ್ನೆ ಕೂತ್ಕೋ ಆ ಟೈರ್ ಮೇಲೆ. ಸೀರೆಗೆ ಮಸಿ ಆಗುತ್ತೆ, ಪೇಪರ್ ಹಾಸ್ಕೋ.

ಮತ್ತೆ... ನಿಮ್ಮ ಈ ಗಾಡಿ ನೀನೇ ಓಡಿಸ್ಕೊಂಡು ಬಂದ್ಯಾ ಮನೆಯಿಂದ? ಎಡಗಡೆ ಬಾಗಿಲು ನೋಡಿದ್ರೇ ಗೊತ್ತಾಗುತ್ತೆ ಬಿಡು, ಯಾವ್ದೋ ಕಂಬಕ್ಕೆ ಮುತ್ತು ಕೊಟ್ಟಿದ್ದೀಯ. ಹಳೇ ಗೀರಾ ಅದು? ಸರಿ ಸರಿ, ಹಳೇದೇ. ನಂಬ್ದೆ.

ಭಾವ ಎಲ್ಲಿ? ಎದುರುಗಡೆ... ಓ. ಬಸ್ ಸ್ಟಾಪಲ್ಲಿ. ಬೆನ್ನು ತಿರುಗಿಸ್ಕೊಂಡು ಕೂತಿದ್ದಾರೆ. ಒಳಗೆ ಬರಲ್ವಂತಾ? ಬೇಡ, ಒತ್ತಾಯ ಮಾಡ್ಬೇಡ. ಎರಡು ವರ್ಷ ಆಯ್ತು ಅವರು ನನ್ನ ಗ್ಯಾರೇಜಿಗೆ ಕಾಲಿಟ್ಟು. ನಾಚಿಕೆ ಇರುತ್ತೆ ಅವರಿಗೆ. ಹದಿನೆಂಟು ವರ್ಷ ಒಂದೇ ಡಾಕ್ಟರ್ ಮನೇಲಿ ಡ್ರೈವರ್ ಆಗಿದ್ದು, ಕಡೆಗೆ ಆ ಡಾಕ್ಟರ್ ಹತ್ರ 'ಕಣ್ಣು ಮುಚ್ಕೊಂಡು ಗಾಡಿ ಓಡಿಸ್ತೀಯಾ' ಅಂತ ಅನ್ನಿಸ್ಕೊಂಡು, ಕೆಲಸ ಕಳ್ಕೊಂಡು ಮನೆಗೆ ಬಂದ್ರೆ ಯಾರಿಗೆ ಆಗಲ್ಲ ಹೇಳು.

ಹೂಂ... ಇಲ್ನೋಡು, ಇದಕ್ಕೆ ಟಿ ಅಂತೀವಿ. ಹಿತ್ತಾಳೆದು. ಇಂಜಿನ್ನಿಂದ ಆಯಿಲ್ ಈ ಬಾಯಲ್ಲಿ ಬರುತ್ತೆ. ಈ ಕಡೆ ಹಳೇ ಸ್ವಿಚ್ಚು, ಆಯಿಲ್ ಪ್ರೆಶರ್ ಬಿದ್ರೆ ಹತ್ತೋ ಕೆಂಪು ದೀಪದ್ದು. ಆ ಕಡೆ ನಮ್ಮ ಹೊಸ ಮೀಟರಿಂದು. ಎರಡೂ ಇರ್ಲಿ. ದೀಪ ಕೈಕೊಟ್ರೆ ಮುಳ್ಳಿದೆ, ಮುಳ್ಳು ಕೈಕೊಟ್ರೆ ದೀಪ ಇದೆ. ನೀನು ಸರಿಯಾಗೇ ಯೋಚ್ನೆ ಮಾಡಿದ್ದೀಯ ಅಕ್ಕ. ಕಣ್ಣೆದುರಿಗೆ ಮುಳ್ಳು ಓಡಾಡ್ತಿದ್ರೆ ಭಾವಂಗೂ ಧೈರ್ಯ. ಮತ್ತೆ ಸ್ಟೇರಿಂಗ್ ಹಿಡೀತಾರೆ. ಹಿಡೀಬೇಕು! ಅವರ ಥರ ಗಾಡಿ ಓಡಿಸೋರನ್ನ ನಾನು ನೋಡಿಲ್ಲ. ನೀರು ತುಂಬಿದ ಲೋಟ ಪಕ್ಕದ ಸೀಟಲ್ಲಿಟ್ರೆ ಒಂದು ತೊಟ್ಟು ಚೆಲ್ಲಲ್ಲ. ನನಗೆ ಓಡ್ಸೋದು ಕಲಿಸಿದ್ದೂ ಅವರೇ ತಾನೆ. ಈ ಸ್ಪ್ಯಾನರ್ ನೋಡು, ಈ ಇಡೀ ಸೆಟ್ಟು... ಗ್ಯಾರೇಜ್ ಶುರು ಮಾಡಿದ ದಿನ ತಂದ್ಕೊಟ್ಟಿದ್ದು. ಒಂದೂ ಕಳೆದಿಲ್ಲ ನಾನು.

ಏನು? ಮತ್ತೆ ಅದೇ ಹೇಳ್ತಾರಾ? ಈಗ್ಲೂನಾ? 'ದೀಪ ಹತ್ತಲೇ ಇಲ್ಲ' ಅಂತ?

...ಹೇಳ್ಲಿ ಬಿಡು. ಏನೋ ಒಂದು ಹೇಳ್ಬೇಕಲ್ಲ ಅವರೂ. ನಾನು ಅವತ್ತೇ ನಿಂಗೆ ಹೇಳಿದ್ನಲ್ಲ ಅಕ್ಕ, ಡಾಕ್ಟರ್ ಗಾಡೀದು ಆಯಿಲ್ ಪಂಪ್ ಹೋಗಿತ್ತು. ಪಂಪ್ ಹೋದ್ಮೇಲೆ ಪ್ರೆಶರ್ ಇಲ್ಲ, ಪ್ರೆಶರ್ ಇಲ್ಲ ಅಂದ್ಮೇಲೆ ದೀಪ ಹತ್ತಿರುತ್ತೆ. ಹತ್ತೇ ಹತ್ತಿರುತ್ತೆ. ಬಿಸಿಲು ಮುಖಕ್ಕೆ ಹೊಡೀತಿತ್ತೋ ಏನೋ, ಕಂಡಿರಲ್ಲ. ಆಯಿಲ್ ಇಲ್ದೆ ಇಂಜಿನ್ ಕಚ್ಕೊಂಡು ಗಾಡಿ ಸೇತುವೆ ಮೇಲೆ ನಿಂತಾಗ್ಲೇ ಗೊತ್ತಾಗಿದ್ದು ಅವರಿಗೆ. ಇದನ್ನೇ ಡಾಕ್ಟರ್ ಮುಂದೆಯೂ ಹೇಳ್ದೆ ನಾನು. ಹೇಳ್ಲೇಬೇಕಿತ್ತಲ್ಲ? ಕೇಳಿದ್ರು, ಹೇಳ್ದೆ.

ನನ್ನ ಮುಖ ಯಾಕೆ ನೋಡ್ತೀಯ? ಮಸಿ ಆಗಿದೆಯಾ?

ನೀನೂ ಬೈದಿದ್ದೆ ಅಲ್ವಾ ಅವರನ್ನ... ಇಲ್ಲ, ತಪ್ಪು ಅಂತ ಹೇಳ್ತಿಲ್ಲ. 'ತಪ್ಪು ಮಾಡಿದ್ದಕ್ಕಿಂತ ಸುಳ್ಳು ಹೇಳ್ತೀರಲ್ಲ, ಅದಕ್ಕೆ ನಂಗೆ ಹೇಸಿಗೆ' ಅಂದೆ. ನಾನು ಬಾಗಿಲಲ್ಲೇ ನಿಂತಿದ್ದೆ. ಅವರು ನಿನ್ನ ನೋಡ್ಲಿಲ್ಲ, ನನ್ನ ನೋಡಿದ್ರು. ಆಮೇಲೆ ಎದ್ದು ಚಪ್ಪಲಿ ಮೆಟ್ಕೊಂಡು ಹೋದ್ರು.

ಅಳ್ಬೇಡ ಅಕ್ಕ. ಹಳೇದು. ಬಾ, ಒಂದು ಕೆಲಸ ಮಾಡು, ವೈರ್ ಹಿಡ್ಕೋ. ಇದನ್ನ ಡ್ಯಾಶ್ ಒಳಗಿಂದ ತೂರಿಸ್ತೀನಿ, ನೀನು ಆ ಕಡೆಯಿಂದ ಎಳಿ. ನಿಧಾನ... ಬಂತಾ? ಬಂತು. ಸ್ಟೇರಿಂಗ್ ಪಕ್ಕ ಕೂರಿಸೋಣ. ನೋಡು ಎಷ್ಟು ಚೆನ್ನಾಗಿದೆ, ಗುಂಡಗೆ, ಅಮ್ಮನ ಹಳೇ ಅಲಾರಂ ಇದ್ದ ಹಾಗೆ.

ಟೇಪು? ಅದ್ಯಾಕೆ ಮತ್ತೆ ಟೇಪಿನ ವಿಷಯ ಎತ್ತೀಯ?... ಮನೆ ನಲ್ಲಿಗೆ ಸುತ್ತುತ್ತಾರೆ, ನಿಜ. ನಲ್ಲಿಗೆ ಸುತ್ಲಿ, ನೀರು ಸೋರಬಾರ್ದು. ಇದು ಬೇರೆ. ಈ ಸ್ವಿಚ್ಚಿಗೆ ಒಂದೇ ವೈರ್ ನೋಡು. ಕರೆಂಟು ಹೋಗೋಕೆ ಒಂದು ದಾರಿ ಆಯ್ತು, ವಾಪಸ್ ಬರೋಕೆ? ಈ ಥ್ರೆಡ್ಡೇ ದಾರಿ. ಲೋಹ ಲೋಹಕ್ಕೆ ತಾಗಿರ್ಬೇಕು. ಮಧ್ಯೆ ನಾಲ್ಕು ಸುತ್ತು ಟೇಪು ಹಾಕಿ ಬಿಗಿದ್ರೆ ಒಂದು ತೊಟ್ಟು ಆಯಿಲ್ ಸೋರಲ್ಲ, ಒಣಗಿದ ಹಾಗಿರುತ್ತೆ, ನೋಡಿದೋರು ಭೇಷ್ ಅನ್ಬೇಕು... ಆದ್ರೆ ದಾರಿ ಕಟ್ ಆಯ್ತಲ್ಲ. ಪಂಪ್ ಸತ್ರೂ ದೀಪ... ಆ... ಗೊತ್ತಿಲ್ದೆ ಇರೋರು ಮಾಡ್ತಾರೆ. ಅದನ್ನೇ ಹೇಳ್ತಿದ್ದೆ.

ಸರಿ, ನೀನು ಸೀಟಲ್ಲಿ ಕೂತ್ಕೋ. ಕೀ ಹಾಕು. ಸ್ಟಾರ್ಟ್ ಮಾಡ್ಬೇಡ, ಒಂದು ಸುತ್ತು ತಿರುಗಿಸಿ ಬಿಡು.

ಯಾಕೆ ಹಾಗೆ ಬೆಚ್ಚಿಬಿದ್ದೆ? ಕೆಂಪು ದೀಪಾನಾ? ಹತ್ಲೇಬೇಕು! ಇಂಜಿನ್ ಓಡ್ತಿಲ್ಲ, ಪ್ರೆಶರ್ ಇಲ್ಲ, ಅದಕ್ಕೇ ಹತ್ತಿದೆ. ದಿನಾ ಬೆಳಿಗ್ಗೆ ಕೀ ಹಾಕ್ದಾಗ ಇದನ್ನ ನೋಡ್ಬೇಕು. ಹತ್ತಿದ್ರೆ ದೀಪ ಜೀವಂತ ಇದೆ ಅಂತ. ಹತ್ಲಿಲ್ಲ ಅಂದ್ರೆ ಏನೋ ಆಗಿದೆ, ಗಾಡಿ ತೆಗೀಲೇಬಾರ್ದು. ಭಾವಂಗೆ ನಾನು ಹೇಳ್ಕೊಡ್ಬೇಕಾ, ಅವರೇ...

ಈಗ ಸ್ಟಾರ್ಟ್ ಮಾಡು. ಮುಳ್ಳು ನೋಡು, ಎದ್ದೇಳುತ್ತೆ. ಮಾಡು ಅಕ್ಕ.

ಅಕ್ಕ?

ಕೀ ಯಾಕೆ ಆಫ್ ಮಾಡಿದೆ... ಮತ್ತೆ ಹಾಕಿದೆ... ಮತ್ತೆ ಆಫ್. ಏನ್ ನೋಡ್ತಿದ್ದೀಯ ಅದರಲ್ಲಿ? ದೀಪ ಅಷ್ಟೆ.

ಕೀ ಬಿಡು ಅಕ್ಕ. ಬೈಯೋದಾದ್ರೆ ಬೈ.

ಹಾಗೆ ನೋಡ್ಬೇಡ ಅಕ್ಕ. ಚಿಕ್ಕೋನಿದ್ದಾಗ ನಾನು ಅಪ್ಪನ ವಾಚ್ ಬಿಚ್ಚಿ ಹಾಳು ಮಾಡಿ ಹಾಸಿಗೆ ಕೆಳಗೆ ಬಚ್ಚಿಟ್ಟಾಗ ನೋಡಿದ್ದೆಯಲ್ಲ, ಹಂಗೇ ನೋಡ್ತಿದ್ದೀಯ. ಅವತ್ತೂ ಒಂದು ಮಾತು ಕೇಳ್ಲಿಲ್ಲ ನೀನು. ಸುಮ್ನೆ ನಿಂತಿದ್ದೆ, ನಾನೇ ಹೋಗಿ ತಂದ್ಕೊಡೋವರೆಗೂ.

...ನಾಲ್ಕು ಸುತ್ತು. ನಾಲ್ಕೇ ಸುತ್ತು ಅಕ್ಕ. ಗ್ಯಾರೇಜ್ ತೆಗೆದು ಆರು ತಿಂಗಳಾಗಿತ್ತು. ಡಾಕ್ಟರ್ ಗಾಡೀಲಿ ಸ್ವಿಚ್ ಹತ್ರ ಸ್ವಲ್ಪ ಆಯಿಲ್ ಜಿನುಗ್ತಿದೆ ಅಂತ ಭಾವ ಇಲ್ಲಿಗೆ ತಂದ್ರು. ನಮ್ಮ ಹುಡುಗನ ಕೈಗುಣ ನೋಡಿ ಅಂತ ಡಾಕ್ಟರಿಗೆ ಹೊಗಳಿದ್ರಂತೆ. ಅದಕ್ಕೇ... ಒಂದು ತೊಟ್ಟೂ ಸೋರಬಾರ್ದು ಅಂತ ಬಿಗಿಯಾಗಿ ಸುತ್ತಿದೆ. ಕೀ ಹಾಕಿ ದೀಪ ನೋಡ್ಲಿಲ್ಲ. ಬಟ್ಟೆಲಿ ಒರೆಸಿದೆ, ಒಣಗಿತ್ತು, ಕಳಿಸಿದೆ.

ಗಾಡಿ ಕೆಟ್ಟು ಇಲ್ಲಿಗೆ ಬಂದಾಗ ಗೊತ್ತಾಯ್ತು. ಸ್ವಿಚ್ ಬಿಚ್ಚಿದೆ, ಟೇಪು ಕಂಡಿತು. ಟೇಪು ಕಿತ್ತೆ. ಕೀ ಹಾಕಿದೆ. ದೀಪ ಹತ್ತಿತು. ಡಾಕ್ಟರ್ ಅಲ್ಲೇ ಬಾಗಿಲಲ್ಲಿ ನಿಂತಿದ್ರು. 'ನೋಡಿ ಸರ್, ದೀಪ ಸರಿಯಾಗೇ ಇದೆ' ಅಂತ ನಾನೇ ಕರೆದು ತೋರಿಸ್ದೆ. ನಾನೇ ಅಕ್ಕ. ಭಾವ ಪಕ್ಕದಲ್ಲೇ ಇದ್ರು.

ಇನ್ನೂ ಇದೆ. ತಡಿ, ಇಳೀಬೇಡ, ಇನ್ನೂ ಇದೆ. ಗಾಡಿ ಕೆಡೋಕೆ ಒಂದು ವಾರ ಮುಂಚೆ ಭಾವ ಫೋನ್ ಮಾಡಿದ್ರು. 'ಕೀ ಹಾಕ್ದಾಗ್ಲೂ ಆ ಕೆಂಪು ದೀಪ ಹತ್ತುತ್ತಿಲ್ಲ ಕಣೋ, ಒಂದ್ಸಲ ನೋಡ್ತೀಯಾ' ಅಂದ್ರು. ಅವತ್ತು ಮೂರು ಗಾಡಿ ಬಿಚ್ಚಿ ಕೂತಿದ್ದೆ. ಬಲ್ಬ್ ಹೋಗಿರುತ್ತೆ ಭಾವ, ಏನಾಗಲ್ಲ, ಓಡಿಸಿ, ಅಂದೆ. ಓಡಿಸಿ ಅಂದೆ. ಅವರು ನನ್ನ ನಂಬಿ ಓಡಿಸಿದ್ರು.

ಅದನ್ನ ನಿಂಗೆ ಹೇಳ್ಲಿಲ್ಲ ಅಲ್ವಾ ಅವರು? ಡಾಕ್ಟರಿಗೂ ಹೇಳ್ಲಿಲ್ಲ. 'ದೀಪ ಹತ್ತಲಿಲ್ಲ' ಅಂದ್ರು, ಅಷ್ಟೇ. ನನ್ನ ಹೆಸರು ಎತ್ಲಿಲ್ಲ. ಗ್ಯಾರೇಜ್ ಮುಚ್ಕೊಂಡು ಹೋಗುತ್ತೆ, ಹುಡುಗ ಬೀದಿಗೆ ಬೀಳ್ತಾನೆ ಅಂತ ಎಲ್ಲಾ ಹೊಟ್ಟೆಗೆ ಹಾಕ್ಕೊಂಡ್ರು. ನಾಚಿಕೆಗೆ ಒಳಗೆ ಬರಲ್ಲ ಅಂದ್ನಲ್ಲ ನಾನು... ನಾಚಿಕೆ ಅವರಿಗಲ್ಲ ಅಕ್ಕ. ಎದುರಿಗೆ ಬಂದ್ರೆ ನಾನು ಎಲ್ಲಿ ತಲೆ ತಗ್ಗಿಸ್ತೀನೋ ಅಂತ ಬರಲ್ಲ ಅವರು.

ಹೊಡಿ ಬೇಕಾದ್ರೆ. ನಿನ್ನ ಕಾಲು ಹಿಡ್ಕೋತೀನಿ...

ಹಾರ್ನ್ ಯಾಕೆ ಒತ್ತಿದೆ? ಅಕ್ಕ, ಬೇಡ, ಈಗ್ಲೇ ಬೇಡ, ನಾನು ನಾಳೆ ಮನೆಗೆ ಬಂದು... ಕೈ ತೆಗಿ ಅದರ ಮೇಲಿಂದ. ಬೀದೀಲಿರೋರೆಲ್ಲ ನೋಡ್ತಿದ್ದಾರೆ.

ಎದ್ರು. ತಿರುಗಿ ನೋಡ್ತಿದ್ದಾರೆ... ನಿಂಗೇನಾಯ್ತೋ ಅಂತ ಓಡಿ ಬರ್ತಿದ್ದಾರೆ ನೋಡು. ಲಾರಿ ನೋಡ್ಕೊಂಡು ಬನ್ನಿ ಭಾವ!

ಸೀಟು ಬಿಟ್ಟು ಇಳೀತಿದ್ದೀಯಾ... ಹೂಂ. ಅರ್ಥ ಆಯ್ತು. ನಾನೇ ಹೇಳ್ಬೇಕು. ನಾನೇ ಹೇಳ್ತೀನಿ.

ಬನ್ನಿ ಭಾವ. ಅಕ್ಕಂಗೇನೂ ಆಗಿಲ್ಲ. ಇಲ್ಲಿ ಕೂತ್ಕೊಳ್ಳಿ, ಸ್ಟೇರಿಂಗ್ ಮುಂದೆ. ದಯವಿಟ್ಟು... ಕೀ ಒಂದೇ ಸುತ್ತು ತಿರುಗಿಸಿ. ಕೆಂಪು ದೀಪ ಕಾಣ್ತಿದೆಯಾ? ಡಾಕ್ಟರ್ ಗಾಡೀಲಿ ಹತ್ತಲೇ ಇಲ್ಲ ಅಂದ್ರಲ್ಲ ನೀವು. ಅಕ್ಕನ ಮುಂದೇನೇ ಹೇಳ್ತಿದ್ದೀನಿ ಭಾವ... ಹತ್ತಲಿಲ್ಲ.